ವಿಷದ ಕೊಳದಿಂದ ಹಕ್ಕಿಗಳನ್ನ ಎಬ್ಬಿಸಿದ್ದು: ನನ್ನ ಅನುಭವ

ವಿಷದ ನೀರಿನ ಕೊಳದಲ್ಲಿ ಗೂಡು ಕಟ್ಟೋ ಹಕ್ಕಿಗಳನ್ನ ಬೇರೆ ಕಡೆ ತಿರುಗಿಸೋದು ಆಗೋ ಕೆಲಸ ಅಲ್ಲ ಅಂತ ನಮ್ಮ ಕಡೆ ಹೇಳದವರೇ ಇರಲಿಲ್ಲ, ಆದ್ರೆ ಆಯ್ತು, ಅದಕ್ಕೇ ಬರೀತಿದೀನಿ. ನಾನಿರೋದು ಕ್ಯಾಲಿಫೋರ್ನಿಯಾದ ಟುಲೇರಿ ಬೇಸಿನ್‌ನಲ್ಲಿ, ಹೊಲಗಳ ಟೈಲ್ ಡ್ರೈನ್ (ನೆಲದಡಿ ಹೂತ ಬಸಿ ಪೈಪು) ನೀರು ಬಂದು ಬಿದ್ದು ಬಿಸಿಲಿಗೆ ಆವಿಯಾಗೋ ಇವಾಪೊರೇಷನ್ ಪಾಂಡ್ ನೋಡ್ಕೊಳ್ಳೋ ಕೆಲಸ. ಮಂಡ್ಯದಲ್ಲಿ ಅಪ್ಪ ಚೌಳು ಗದ್ದೆ ಜೊತೆ ಗುದ್ದಾಡಿದ್ದನ್ನ ನೋಡಿ ಬೆಳೆದವನು, ಉಪ್ಪು ನಂಗೆ ಹೊಸದಲ್ಲ, ಆದ್ರೆ ಇಲ್ಲಿ ಉಪ್ಪಿನ ಜೊತೆ ಸೆಲೆನಿಯಂ ಬರುತ್ತೆ, ಮಣ್ಣಲ್ಲೇ ಇರೋ ಧಾತು, ಜಾಸ್ತಿ ಆದ್ರೆ ಹಕ್ಕಿಗೆ ವಿಷ.

ಕೆಸ್ಟರ್ಸನ್ ಅಂತ ಕ್ಯಾಲಿಫೋರ್ನಿಯಾದಲ್ಲೇ ಇಂಥದ್ದೇ ಬಸಿ ನೀರು ಬೀಳ್ತಿದ್ದ ಕೊಳಗಳಿದ್ವು, 1983ರಲ್ಲಿ ಅಲ್ಲಿ ಕಣ್ಣಿಲ್ಲದ, ಕೊಕ್ಕು ತಿರುಚಿದ ಮರಿಗಳು ಸಿಕ್ಕಿದ್ದು, ಒಳಗೆ ಬರೋ ನೀರಲ್ಲೇ ಸೆಲೆನಿಯಂ 300 ಪಿಪಿಬಿ (ನೂರು ಕೋಟಿ ಪಾಲಲ್ಲಿ 300 ಪಾಲು) ಹತ್ರ ಇದ್ದಿದ್ದು. ನಮ್ದು 20-25 ಇರಬೇಕು, ಅದಕ್ಕೇ ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ. ಆದ್ರೆ ಒಂದ್ಸಲ ಪರ್ಮಿಟ್ ಇದ್ದ ಬಯಾಲಜಿಸ್ಟ್ ಒಬ್ರು ನಮ್ಮ ಪಾಂಡ್‌ನಲ್ಲಿ ಮರಿ ಹೊರಗೆ ಬರದೆ ಉಳಿದ ಮೆಟ್ಟುಗಾಲು ಹಕ್ಕಿ (ಉದ್ದ ಕಾಲಿನ ನೀರು ಹಕ್ಕಿ) ಮೊಟ್ಟೆ ಒಡೆದು ತೋರಿಸಿದ್ರು. ಮರಿ ಪೂರ್ತಿ ಬೆಳೆದಿತ್ತು, ಉಗುರು ಸಮೇತ, ಕಣ್ಣಿರಬೇಕಾದ ಜಾಗದಲ್ಲಿ ಮಾತ್ರ ನುಣ್ಣಗೆ ಚರ್ಮ. ಆವತ್ತು ಊಟ ಸೇರಲಿಲ್ಲ.

ಹಕ್ಕಿ ಓಡಿಸೋಕೆ ಮೊದಲು ಢಂ ಅಂತ ಸದ್ದು ಮಾತ್ರ ಮಾಡೋ ಗ್ಯಾಸ್ ಗನ್ ತಂದೆ, ನಾಲ್ಕು ಸಾವಿರ ಡಾಲರ್ ಹೋಯ್ತು. ಎರಡು ದಿನ ಎದ್ದು ಹಾರಿದ್ವು, ಒಂದು ವಾರಕ್ಕೆ ಗನ್ ಪಕ್ಕದಲ್ಲೇ ಗೂಡು. ಆಮೇಲೆ ಹೊಳೆಯೋ ಟೇಪು, ಬೆಳಗ್ಗೆ ಸಂಜೆ ಏರಿ ಮೇಲೆ ಗಾಡಿ ಓಡಿಸೋದು, ಡೀಸೆಲ್ ಸುಟ್ಟಿದ್ದೇ ಬಂತು.

ಮಧ್ಯದಲ್ಲಿ ಇನ್ನೊಂದು ಹುಚ್ಚು. ಕೆಸ್ಟರ್ಸನ್ ಮಣ್ಣಿಗೆ ಕಿತ್ತಳೆ ಜಾತಿ ಹಣ್ಣಿನ ಸಿಪ್ಪೆ ಹಾಕಿ, ಬೂಷ್ಟಿನ ಕೈಲಿ ಸೆಲೆನಿಯಂನ ಗಾಳಿಗೆ ಬಿಡಿಸೋ ಪ್ರಯೋಗ ಮಾಡಿದ್ರಲ್ಲ, ನಾನೂ ಜ್ಯೂಸ್ ಫ್ಯಾಕ್ಟರಿಯಿಂದ ಎರಡು ಲೋಡ್ ತಂದು ಒಣಗಿದ ಒಂದು ಮೂಲೇಲಿ ಉತ್ತೆ. ತೇವ ಜಾಸ್ತಿ ಆಗಿ ಕೊಳೆತು ನೊಣ ಮುತ್ಕೊಂಡ್ವು. ಎರಡನೇ ಸಲ ಸರಿಯಾಯ್ತು, ಸೆಲೆನಿಯಂ ಗಾಳಿಗೆ ಹೋಗ್ವಾಗ ಬರೋ ಬೆಳ್ಳುಳ್ಳಿ ವಾಸನೆ ಚೆನ್ನಾಗೇ ಬಂತು, ಆದ್ರೆ ಅದು ವರ್ಷಗಟ್ಟಲೆ ಹಿಡಿಯೋ ಕೆಲಸ. ನಮ್ಮ ಸಾಸಿವೆನೂ ಬಿತ್ತಿ ನೋಡ್ದೆ, ಸೆಲೆನಿಯಂ ಚೆನ್ನಾಗಿ ಹೀರುತ್ತೆ, ಆದ್ರೆ ನಮ್ಮ ಉಪ್ಪಿಗೆ ಗೇಣುದ್ದ ಬೆಳೆದು ಸುಟ್ಟೋಯ್ತು.

ಕೊನೆಗೆ ಮಾಡಿದ್ದು ಇಷ್ಟು. ಪಾಂಡ್ ದಡಾನ ಮೂರಕ್ಕೆ ಒಂದು (ಮೂರಡಿ ಅಡ್ಡಕ್ಕೆ ಒಂದಡಿ ಇಳಿತ) ಇಳಿಜಾರಿಗೆ ಕಡಿಸಿ, ಒಳಗಿನ ದಿಬ್ಬ ತೆಗೆಸಿ, ಕಳೆ ಕೆರೆಸಿ, ನೀರು ಎರಡು ಅಡಿಗಿಂತ ಕೆಳಗೆ ಇಳಿಯದ ಹಾಗೆ ನೋಡ್ಕೊಂಡೆ, ಕಾಲೂರೋಕೆ ತೆಳು ನೀರಿಲ್ಲ ಅಂದ್ರೆ ಈ ಹಕ್ಕಿ ಅಲ್ಲಿ ಮೇಯೋದೂ ಇಲ್ಲ, ಗೂಡೂ ಕಟ್ಟಲ್ಲ. ಒಂದು ಮೈಲಿ ಆಚೆ ಕಾಲುವೆಯ ಒಳ್ಳೆ ನೀರಲ್ಲಿ ಗೇಣು ಆಳದ ಇನ್ನೊಂದು ಕೊಳ ಮಾಡಿ ಸಣ್ಣ ಸಣ್ಣ ದಿಬ್ಬ ಹಾಕಿಸ್ದೆ. "ಬಾದಾಮಿ ಗಿಡಕ್ಕೇ ನೀರಿಲ್ಲ, ಹಕ್ಕಿಗೆ ನೀರಾ?" ಅಂತ ಎಲ್ಲರದ್ದೂ ಒಂದೇ ಮಾತು. ಮಣ್ಣು ಕೆಲಸಕ್ಕೇ ಎಪ್ಪತ್ತು ಸಾವಿರ ದಾಟ್ತು, ನೀರಿನ ಬಿಲ್ ಬೇರೆ. ಮೊದಲ ವರ್ಷ ಕಯೋಟಿಗಳು (ಇಲ್ಲಿನ ನರಿಯಂಥ ಪ್ರಾಣಿ) ಒಂದು ಮೊಟ್ಟೆನೂ ಬಿಡಲಿಲ್ಲ, ಕರೆಂಟ್ ಬೇಲಿಗೆ ಮತ್ತೆ ಒಂಬತ್ತು ಸಾವಿರ.

ಎರಡನೇ ವರ್ಷ ಹಳೇ ಪಾಂಡ್‌ನಲ್ಲಿ ಅರವತ್ತು ಚಿಲ್ಲರೆ ಇದ್ದ ಗೂಡು ಆರಕ್ಕೆ ಇಳೀತು, ಹೊಸದ್ರಲ್ಲಿ ನೂರು ದಾಟ್ತು. ಈ ಭಾಗದಲ್ಲಿ ಇಷ್ಟು ಬೇಗ ಹಕ್ಕಿ ತಿರುಗಿಸಿದವರನ್ನ ನಾನಂತೂ ನೋಡಿಲ್ಲ. ಹೊಸ ಕೊಳಕ್ಕೆ ಯಾವ ವಾರ ನೀರು ಬಿಡ್ಬೇಕು, ದಿಬ್ಬದ ಮೇಲೆ ಏನು ಹರಡಬೇಕು ಅನ್ನೋದೇ ಗುಟ್ಟು, ಅದು ಸದ್ಯ ನನ್ನ ಹತ್ರನೇ ಇರಲಿ. ಮೊಟ್ಟೆ ರಿಪೋರ್ಟಲ್ಲಿ ಸೆಲೆನಿಯಂ ಮೊದಲು 15 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ 15 ಪಾಲು) ಮೇಲಿತ್ತು, ಹೊಸ ಕೊಳದ್ದು 3ರ ಆಸುಪಾಸು.

ಉಳಿದಿರೋ ಆ ಆರು ಗೂಡು ದಡ ಕುಸಿದು ನೀರು ತೆಳುವಾದ ಮೂಲೇಲಿವೆ. ಫೆಬ್ರವರಿಗೆ ಜೆಸಿಬಿ ಹೇಳಿದೀನಿ.