ಪಿಎಚ್‌ಡಿ ಮಾತ್ರ ಇರುವ ವಿಶ್ವವಿದ್ಯಾಲಯ ಕಟ್ಟುವುದು: ಯಾವುದು ಮೊದಲು, ಯಾವುದು ಆಮೇಲೆ

ವಿಜ್ಞಾನ ಮತ್ತು ತಂತ್ರಜ್ಞಾನದ ಸಂಶೋಧನೆಗೆಂದೇ ಇರುವ, ಪದವಿ ತರಗತಿಗಳಿಲ್ಲದ ವಿಶ್ವವಿದ್ಯಾಲಯ ಆರಂಭಿಸಲು ಹೊರಟಾಗ ನಾವು ಮೊದಲು ಕೂತು ಮಾಡಿದ್ದು ಒಂದು ಪುಟದ ಲೆಕ್ಕ. ಹತ್ತನೆಯ ವರ್ಷಕ್ಕೆ 40 ಸಂಶೋಧನಾ ಗುಂಪುಗಳು. ಗುಂಪಿಗೆ ಸರಾಸರಿ 4 ಪಿಎಚ್‌ಡಿ ವಿದ್ಯಾರ್ಥಿಗಳೆಂದರೆ 160. ಒಬ್ಬರು ಮುಗಿಸಲು ಐದೂವರೆ ವರ್ಷ ಹಿಡಿದರೆ, ನಡುವೆ ಬಿಟ್ಟುಹೋಗುವವರನ್ನೂ ಸೇರಿಸಿ ವರ್ಷಕ್ಕೆ 32 ಜನರನ್ನು ತೆಗೆದುಕೊಳ್ಳಬೇಕು. ಪೋಸ್ಟ್‌ಡಾಕ್‌ಗಳು, ಅಂದರೆ ಪಿಎಚ್‌ಡಿ ಮುಗಿಸಿ ಸಂಶೋಧನೆ ಮುಂದುವರಿಸುವವರು, 60. ಹಾಗಾಗಿ ಗುಂಪು ನಡೆಸುವ 40 ಜನರೂ ಸೇರಿ ಸಂಶೋಧನೆ ಮಾಡುವವರೇ 260. ತಲೆಗೆ 15 ಚದರ ಮೀಟರಿನಂತೆ ಲ್ಯಾಬು, ಮೇಜು, ಉಗ್ರಾಣ ಎಲ್ಲ ಸೇರಿ 3,900. ಎಲ್ಲರೂ ಬಳಸುವ ದೊಡ್ಡ ಉಪಕರಣಗಳಿಗೆ 2,000, ಉಪನ್ಯಾಸ, ಊಟ, ಕಚೇರಿಗಳಿಗೆ 1,500. ಲ್ಯಾಬ್ ಕಟ್ಟಡದಲ್ಲಿ ನಿಜವಾಗಿ ಬಳಕೆಗೆ ಸಿಗುವುದು ಒಟ್ಟು ವಿಸ್ತೀರ್ಣದ 55% ಅಷ್ಟೆ; ಉಳಿದದ್ದು ಗಾಳಿಕೊಳವೆ, ಯಂತ್ರಕೋಣೆ, ಮೆಟ್ಟಿಲು, ಓಡಾಟದ ಜಾಗ. ಆದ್ದರಿಂದ ಕಟ್ಟಬೇಕಾದದ್ದು ಸುಮಾರು 13,500 ಚದರ ಮೀಟರು. ಈ ಪುಟ ಕೈಯಲ್ಲಿಲ್ಲದೆ ವಾಸ್ತುಶಿಲ್ಪಿಯನ್ನು ಕರೆಸಿದರೆ ಸುಂದರವಾದ ಮುಂಬಾಗಿಲು ಸಿಗುತ್ತದೆ, ಉಗ್ರಾಣ ಸಿಗುವುದಿಲ್ಲ.

ಹಣದ ಲೆಕ್ಕ ಇದಕ್ಕಿಂತ ಕಠೋರ. ಪದವಿ ವಿದ್ಯಾರ್ಥಿಗಳಿಲ್ಲ ಎಂದಮೇಲೆ ಶುಲ್ಕದ ಆದಾಯವೂ ಇಲ್ಲ. ವಿದ್ಯಾರ್ಥಿಗಳಿಗೆ ನಾವೇ ವೇತನ ಕೊಡಬೇಕು. ವರ್ಷದ ಖರ್ಚು 100 ಎಂದಿಟ್ಟುಕೊಳ್ಳಿ. ಹತ್ತನೆಯ ವರ್ಷಕ್ಕೆ ಹೊರಗಿನ ಸಂಶೋಧನಾ ಅನುದಾನಗಳಿಂದ 30 ಬರಬಹುದೆಂದು ನಾವು ಅಂದಾಜಿಸಿದೆವು. ಮೊದಲ ಮೂರು ವರ್ಷ ಬರುವುದು ಸೊನ್ನೆ ಎಂದೇ ಬರೆದುಕೊಂಡೆವು. ಉಳಿದ 70 ದತ್ತಿನಿಧಿಯಿಂದ ಬರಬೇಕಾದರೆ, ವರ್ಷಕ್ಕೆ 4% ಮಾತ್ರ ತೆಗೆಯುವ ಶಿಸ್ತಿನಲ್ಲಿ, ನಿಧಿ 1,750 ಇರಬೇಕು. ಅದು ವರ್ಷದ ಖರ್ಚಿನ ಹದಿನೇಳೂವರೆ ಪಟ್ಟು. ಸರ್ಕಾರ ಕೊಡುವುದಾದರೆ ಪ್ರತಿ ವರ್ಷ ಬಜೆಟ್ಟಿನಲ್ಲಿ ಕೇಳಿ ಪಡೆಯುವ ಹಣ ಸಾಲದು. ಹತ್ತು ವರ್ಷದ ಬದ್ಧತೆ ಕಾಯಿದೆಯಲ್ಲೇ ಇರಬೇಕು. ಐದು ವರ್ಷದ ಪಿಎಚ್‌ಡಿಗೆ ವಿದ್ಯಾರ್ಥಿಯನ್ನು ಸೇರಿಸಿಕೊಂಡು ಒಂದು ವರ್ಷದ ಹಣವನ್ನಷ್ಟೇ ಕೈಯಲ್ಲಿ ಹಿಡಿದಿರುವುದು ಸರಿಯಲ್ಲ.

ಒಬ್ಬನೇ ದಾನಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದ ಆರಂಭದ ವರ್ಷಗಳನ್ನು ನೋಡಬೇಕು. 1889ರಲ್ಲಿ ಅದು ಸಂಶೋಧನಾ ವಿದ್ಯಾರ್ಥಿಗಳಿಗೆಂದೇ ಬಾಗಿಲು ತೆರೆಯಿತು. ಬೆಳಕಿನ ವೇಗ ಅಳೆದ ಮೈಕೆಲ್ಸನ್‌ರಂಥವರು ಅಲ್ಲಿದ್ದರು. ಸಂಸ್ಥಾಪಕ ದಾನಿ ಕೈ ಬಿಗಿಹಿಡಿದ, ಅಧ್ಯಾಪಕರಿಗೂ ಅಧ್ಯಕ್ಷರಿಗೂ ಸರಿಬರಲಿಲ್ಲ. 1892ರಲ್ಲಿ ಮೈಕೆಲ್ಸನ್ ಸೇರಿ ಬಹುಪಾಲು ಅಧ್ಯಾಪಕರು ಹೊರಟುಹೋದರು; ಅವರಲ್ಲಿ ಅನೇಕರನ್ನು ಹೊಸದಾಗಿ ತೆರೆದಿದ್ದ ಶಿಕಾಗೊ ವಿಶ್ವವಿದ್ಯಾಲಯ ಬರಮಾಡಿಕೊಂಡಿತು. ಮೂರೇ ವರ್ಷ. ಇದನ್ನು ಓದಿದ ಮೇಲೆ ನಾವು ದಾನಪತ್ರದಲ್ಲಿ ಮೂರು ಷರತ್ತು ಹಾಕಿದೆವು: ಹಣ ಬರುವ ದಿನಾಂಕಗಳು ಬರಹದಲ್ಲಿರಬೇಕು, ಹಿಂದೆ ತೆಗೆದುಕೊಳ್ಳುವಂತಿರಬಾರದು, ನೇಮಕಾತಿಯಲ್ಲಿ ದಾನಿಗೆ ಮತ ಇರಬಾರದು.

ಕಾಲದ ಬಗ್ಗೆಯೂ ಭ್ರಮೆ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಸ್ತಾವ ರೂಪುಗೊಂಡದ್ದು 1898ರಲ್ಲಿ, ಸ್ಥಾಪನೆಯ ಆದೇಶ ಹೊರಬಿದ್ದದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಮಾತ್ರ 1906ರಲ್ಲೇ ನೇಮಕಗೊಂಡಿದ್ದರು. ಈ ಕ್ರಮ ಸರಿಯಾದದ್ದು ಎಂದು ನನಗೆ ಈಗಲೂ ಅನಿಸುತ್ತದೆ. ನಿರ್ದೇಶಕರು ನಕ್ಷೆಗಿಂತ ಮೊದಲು ಬರಬೇಕು, ಏಕೆಂದರೆ ನಕ್ಷೆಯಲ್ಲಿ ಆಗುವ ತಪ್ಪಿಗೆ ಮುಂದೆ ಹೊಣೆ ಹೊರುವವರು ಅವರೇ.

ಪದವಿ ಕೊಡುವ ಅಧಿಕಾರದಲ್ಲಿ ಒಂದು ಗಂಟು ಇದೆ. ಮಾನ್ಯತೆ ಕೊಡುವವರು ‘ಅಧ್ಯಾಪಕರು ಎಲ್ಲಿ, ಪಾಠಕ್ರಮ ಎಲ್ಲಿ’ ಎನ್ನುತ್ತಾರೆ. ಬರಬೇಕಾದ ಅಧ್ಯಾಪಕರು ‘ಪದವಿ ಕೊಡಲು ನಿಮಗೆ ಅಧಿಕಾರ ಎಲ್ಲಿ’ ಎನ್ನುತ್ತಾರೆ. ಬಿಡಿಸುವ ದಾರಿ ಎರಡು. ಮೊದಲ ಒಂದೆರಡು ತಂಡಕ್ಕೆ ಬೇರೊಂದು ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡು ಅವರ ಹೆಸರಿನಲ್ಲಿ ಪದವಿ ಕೊಡಿಸುವುದು ಒಂದು. ಇನ್ನೊಂದು, ಮೊದಲು ಸಂಶೋಧನಾ ಸಂಸ್ಥೆಯಾಗಿ ಕೆಲಸ ಶುರುಮಾಡಿ ಆಮೇಲೆ ವಿಶ್ವವಿದ್ಯಾಲಯ ಆಗುವುದು. ಜಪಾನಿನ ಓಕಿನಾವಾದಲ್ಲಿ ಹೀಗೇ ನಡೆಯಿತು: 2005ರಲ್ಲಿ ಪೂರ್ವಸಿದ್ಧತೆಯ ಸಂಸ್ಥೆ, 2011ರಲ್ಲಿ ವಿಶ್ವವಿದ್ಯಾಲಯ, 2012ರಲ್ಲಿ ಮೊದಲ ಪಿಎಚ್‌ಡಿ ತಂಡ. ನ್ಯೂಯಾರ್ಕಿನ ರಾಕ್‌ಫೆಲರ್ 1901ರಿಂದ ಸಂಶೋಧನಾ ಸಂಸ್ಥೆಯಾಗಿತ್ತು, ವಿಶ್ವವಿದ್ಯಾಲಯ ಎಂಬ ಹೆಸರು ಪಡೆದದ್ದು 1965ರಲ್ಲಿ. ನಾವು ಎರಡನೆಯ ದಾರಿ ಹಿಡಿದೆವು. ಮಾನ್ಯತೆಯ ಅರ್ಜಿಗೆ ಬೇಕಾದ ನಿಯಮಾವಳಿ, ಪರೀಕ್ಷಾ ವಿಧಾನ, ದೂರು ಪರಿಹಾರ ಸಮಿತಿ, ಪ್ರಬಂಧ ಮೌಲ್ಯಮಾಪನದ ಕ್ರಮ ಎಲ್ಲವನ್ನೂ ಬರೆಯಲು ಒಬ್ಬ ಅನುಭವಿ ಕುಲಸಚಿವರನ್ನು ಮೊದಲ ವರ್ಷವೇ ಕರೆತಂದೆವು. ಈ ಕೆಲಸವನ್ನು ವಿಜ್ಞಾನಿಗಳ ಬಿಡುವಿನ ವೇಳೆಗೆ ಬಿಟ್ಟರೆ ಮುಗಿಯುವುದೇ ಇಲ್ಲ.

ಅಧ್ಯಾಪಕರ ನೇಮಕಾತಿ. ಇಡೀ ಸಂಸ್ಥೆ ನಿಲ್ಲುವುದು ಇದರ ಮೇಲೆ, ಅತಿ ಹೆಚ್ಚು ಕಾಲ ಕೊಡಬೇಕಾದದ್ದೂ ಇದಕ್ಕೇ. ‘ಎಲ್ಲ ವಿಷಯದಲ್ಲೂ ಒಬ್ಬೊಬ್ಬರು’ ಎಂಬ ಪಟ್ಟಿಯಿಂದ ಶುರುಮಾಡಬೇಡಿ. ಒಬ್ಬಂಟಿ ರಸಾಯನಶಾಸ್ತ್ರಜ್ಞನಿಗೆ ಮಾತಾಡಲು ಜನರಿಲ್ಲ, ಉಪಕರಣ ಹಂಚಿಕೊಳ್ಳುವವರಿಲ್ಲ, ಅವರ ವಿದ್ಯಾರ್ಥಿಯ ಸಮಿತಿಯಲ್ಲಿ ಕೂರುವವರಿಲ್ಲ. ಮೊದಲ ಒಂಬತ್ತು ಜನರನ್ನು ನಾವು ಮೂರು ಗುಂಪಾಗಿ ಕರೆದೆವು. ಪ್ರತಿ ಗುಂಪಿನಲ್ಲಿ ಒಬ್ಬರು ಹಿರಿಯರು, ಇಬ್ಬರು ಸ್ವತಂತ್ರ ಲ್ಯಾಬನ್ನು ಮೊದಲ ಸಲ ನಡೆಸುವವರು. ವಿಭಾಗಗಳನ್ನು ಮಾಡಲಿಲ್ಲ. ಓಕಿನಾವಾ, ರಾಕ್‌ಫೆಲರ್ ಎರಡರಲ್ಲೂ ವಿಭಾಗಗಳಿಲ್ಲ. ಸಣ್ಣ ಸಂಸ್ಥೆಯಲ್ಲಿ ವಿಭಾಗ ಹುಟ್ಟಿದ ಮರುದಿನವೇ ‘ನಮ್ಮ ಹುದ್ದೆ, ನಮ್ಮ ಕೋಣೆ’ ಶುರುವಾಗುತ್ತದೆ.

ನೇಮಕದ ಪತ್ರದಲ್ಲಿ ನಾಲ್ಕು ಸಂಗತಿ ಸಂಖ್ಯೆಯಲ್ಲಿ ಇರಬೇಕು: ಎಷ್ಟು ಚದರ ಮೀಟರು ಜಾಗ, ಆರಂಭಿಕ ಉಪಕರಣಕ್ಕೆ ಎಷ್ಟು ಹಣ, ಸಂಸ್ಥೆಯ ಖರ್ಚಿನಲ್ಲಿ ಎಷ್ಟು ಜನ, ಎಷ್ಟು ವರ್ಷ. ಆರಂಭಿಕ ಹಣವನ್ನು ಐದು ವರ್ಷದೊಳಗೆ ಯಾವಾಗ ಬೇಕಾದರೂ ಬಳಸಬಹುದು ಎಂದಿರಬೇಕು. ಆರ್ಥಿಕ ವರ್ಷದ ಕೊನೆಗೆ ಉಳಿದ ಹಣ ವಾಪಸ್ ಹೋಗುವಂತಿದ್ದರೆ, ಕೊನೆಯ ತಿಂಗಳಲ್ಲಿ ಬೇಡದ ಯಂತ್ರಗಳು ಬಂದು ಬೀಳುತ್ತವೆ. ನಮ್ಮ ಕಡೆ ಆದ ತಪ್ಪು ಬೇರೆ: ಕಟ್ಟಡ ತಡವಾಯಿತು, ಆದರೆ ಕಾಯಂ ನೇಮಕದ ಆರು ವರ್ಷದ ಗಡಿಯಾರ, ಅಂದರೆ ಕೆಲಸ ನೋಡಿ ಕಾಯಂ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವ ಗಡುವು, ಕೆಲಸಕ್ಕೆ ಸೇರಿದ ದಿನದಿಂದಲೇ ಓಡುತ್ತಿತ್ತು. ಆಮೇಲೆ ನಿಯಮ ತಿದ್ದಿದೆವು: ಫ್ಯೂಮ್ ಹುಡ್ (ರಾಸಾಯನಿಕಗಳ ಹೊಗೆಯನ್ನು ಹೊರಗೆ ಎಳೆಯುವ ಪೆಟ್ಟಿಗೆ), ಗ್ಯಾಸ್, ವಿದ್ಯುತ್ ಎಲ್ಲ ನಡೆಯುವ ಲ್ಯಾಬಿನ ಕೀಲಿ ಕೈಗೆ ಸಿಕ್ಕ ದಿನದಿಂದ ಗಡಿಯಾರ ಶುರು. ಇನ್ನೊಂದು ಎಚ್ಚರ: ವರ್ಷಕ್ಕೆ ಐದಾರು ಜನರಿಗಿಂತ ಹೆಚ್ಚು ನೇಮಕ ಮಾಡಬಾರದು. ಒಂದೇ ವರ್ಷ ಇಪ್ಪತ್ತು ಜನ ಬಂದರೆ ಇಪ್ಪತ್ತು ಜನರ ಕಾಯಂ ಮೌಲ್ಯಮಾಪನವೂ ಒಂದೇ ವರ್ಷ ಬೀಳುತ್ತದೆ, ನಿವೃತ್ತಿಯೂ ಹೆಚ್ಚುಕಡಿಮೆ ಒಟ್ಟಿಗೇ.

ದೊಡ್ಡ ಉಪಕರಣಗಳನ್ನು ಯಾವ ಲ್ಯಾಬಿಗೂ ಕೊಡದೆ ಸಾಮಾನ್ಯ ಕೇಂದ್ರದಲ್ಲಿ ಇಡಬೇಕು. ಮುಖ್ಯವಾದದ್ದು, ಕೇಂದ್ರ ನಡೆಸುವ ವಿಜ್ಞಾನಿಯನ್ನು ಯಂತ್ರ ಕೊಳ್ಳುವುದಕ್ಕೆ ಎಂಟು ತಿಂಗಳು ಮೊದಲೇ ನೇಮಿಸಬೇಕು. ಟೆಂಡರಿನ ವಿವರ ಬರೆಯುವವರು ಅವರೇ ಆಗಬೇಕು. ಮಾದರಿಯ ಹೆಸರು ಬರೆಯಬಾರದು. ಯಂತ್ರ ಏನು ಮಾಡಿ ತೋರಿಸಬೇಕು ಎಂಬುದನ್ನು ಸಂಖ್ಯೆಯಲ್ಲಿ ಬರೆಯಬೇಕು. ಸ್ವೀಕಾರ ಪರೀಕ್ಷೆ ಕಂಪನಿ ತಂದ ಸ್ಯಾಂಪಲ್ ಮೇಲಲ್ಲ, ನಮ್ಮ ಸ್ಯಾಂಪಲ್ ಮೇಲೆ ನಮ್ಮ ಕೋಣೆಯಲ್ಲೇ ನಡೆಯಬೇಕು, ಅದು ಮುಗಿಯುವ ತನಕ ಬೆಲೆಯ 10% ತಡೆಹಿಡಿಯಬೇಕು. ಐದು ವರ್ಷದ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ದರವೂ ಮೂಲ ಟೆಂಡರಿನಲ್ಲೇ ಇರಲಿ. ಯಂತ್ರ ಬಂದು ಕೂತ ಮೇಲೆ ಚೌಕಾಸಿ ಮಾಡುವ ಬಲ ನಮಗಿರುವುದಿಲ್ಲ.

ಎಎಂಸಿಗೆ ವರ್ಷಕ್ಕೆ ಯಂತ್ರದ ಬೆಲೆಯ 8ರಿಂದ 10%. ಹತ್ತು ವರ್ಷಕ್ಕೆ ಯಂತ್ರ ಹಳತಾಗುತ್ತದೆ, ಬದಲಿಸಲು ವರ್ಷಕ್ಕೆ ಇನ್ನೊಂದು 10% ಪಕ್ಕಕ್ಕಿಡಬೇಕು. 100 ಕೊಟ್ಟು ಕೊಂಡ ಯಂತ್ರ ಹತ್ತು ವರ್ಷದಲ್ಲಿ ಇನ್ನೂ 200ರ ಹತ್ತಿರ ಕೇಳುತ್ತದೆ. ಹಣ ಕೊಡುವವರಿಗೆ ಇದನ್ನು ಮೊದಲ ಸಭೆಯಲ್ಲೇ ಹೇಳಿಬಿಡಬೇಕು. ಉದ್ಘಾಟನೆಗೆ ಹಣ ಸುಲಭವಾಗಿ ಸಿಗುತ್ತದೆ, ವ್ಯಾಕ್ಯೂಮ್ ಪಂಪಿನ ರಿಪೇರಿಗೆ ಸಿಗುವುದಿಲ್ಲ. ಎಲ್ಲ ಯಂತ್ರಗಳನ್ನೂ ಒಂದೇ ವರ್ಷ ಕೊಳ್ಳಬಾರದು ಎನ್ನುವುದೂ ಇದೇ ಕಾರಣಕ್ಕೆ: ಹತ್ತನೆಯ ವರ್ಷ ಎಲ್ಲವೂ ಒಟ್ಟಿಗೆ ಮುದಿಯಾಗುತ್ತವೆ. ಬಳಕೆಗೆ ಗಂಟೆಗಿಷ್ಟು ಎಂದು ಸಣ್ಣ ಶುಲ್ಕವನ್ನು ಮೊದಲ ದಿನದಿಂದ ಇಟ್ಟೆವು. ಖರ್ಚಾಗುವ ಸಾಮಗ್ರಿಯ ವೆಚ್ಚ ಬಂದರೆ ಸಾಕು, ಸಂಬಳ ಅದರಿಂದ ಹುಟ್ಟಬೇಕಿಲ್ಲ. ಪೂರ್ತಿ ಉಚಿತವಾದರೆ ಜನ ಸಮಯ ಕಾಯ್ದಿರಿಸಿ ಬರುವುದೇ ಇಲ್ಲ.

ಜಾಗದ ಗುಣವನ್ನು ಅಡಿಪಾಯಕ್ಕೆ ಮೊದಲು ಅಳೆಯಿರಿ. ಒಳ್ಳೆಯ ಎಲೆಕ್ಟ್ರಾನ್ ಮೈಕ್ರೊಸ್ಕೋಪಿಗೆ ನೆಲದ ಕಂಪನ ಸೆಕೆಂಡಿಗೆ ಸುಮಾರು 3 ಮೈಕ್ರೊಮೀಟರು ವೇಗದೊಳಗೆ ಇರಬೇಕು, ವಿಸಿ-ಇ ಎಂದು ಕರೆಯುವ ಮಟ್ಟ. ಬರೀ ಒಂದು ಗಂಟೆ ಅಳೆದರೆ ಗೊತ್ತಾಗುವುದಿಲ್ಲ. ಕೆಲಸದ ದಿನ, ರಜಾ ದಿನ ಎರಡನ್ನೂ ಸೇರಿಸಿ 72 ಗಂಟೆ ಅಳೆಯಬೇಕು. ಇಂಥ ಯಂತ್ರಗಳು ನೆಲಮಹಡಿಯಲ್ಲಿ, ಮಣ್ಣಿನ ಮೇಲೇ ನೇರ ಕೂತ ದಪ್ಪ ಕಾಂಕ್ರೀಟ್ ಹಾಸಿನ ಮೇಲೆ ಇರಬೇಕು. ಆ ಹಾಸು ಸುತ್ತಲಿನ ಕಟ್ಟಡಕ್ಕೆ ತಾಗಬಾರದು. ಲಿಫ್ಟ್ ಪಕ್ಕದಲ್ಲಿ ಬೇಡ. ಕಂಪನ ತಡೆದರೂ ಮೇಲೆ ಕೆಳಗೆ ಓಡಾಡುವ ಕಬ್ಬಿಣದ ರಾಶಿ ಕಾಂತಕ್ಷೇತ್ರವನ್ನು ಅಲುಗಿಸುತ್ತದೆ, ಚಿತ್ರ ಸರಿಯುತ್ತದೆ. ಕಾರಣ ಹುಡುಕುತ್ತ ತಿಂಗಳುಗಳು ಹೋಗುತ್ತವೆ.

ಫ್ಯೂಮ್ ಹುಡ್‌ಗಳು ಕಟ್ಟಡದ ವಿದ್ಯುತ್ತನ್ನು ತಿನ್ನುತ್ತವೆ. 1.8 ಮೀಟರಿನ ಒಂದು ಹುಡ್, ಬಾಗಿಲು 45 ಸೆಂಟಿಮೀಟರು ತೆರೆದು, ಸೆಕೆಂಡಿಗೆ ಅರ್ಧ ಮೀಟರು ವೇಗದಲ್ಲಿ ಗಾಳಿ ಎಳೆದರೆ ಗಂಟೆಗೆ ಸಾವಿರಕ್ಕೂ ಹೆಚ್ಚು ಘನ ಮೀಟರು ಹವಾನಿಯಂತ್ರಿತ ಗಾಳಿ ಹೊರಗೆ ಹೋಗುತ್ತದೆ. ಅಷ್ಟೇ ಗಾಳಿ ಒಳಗೂ ಬರಬೇಕು. ಬರದಿದ್ದರೆ ಲ್ಯಾಬಿನ ಬಾಗಿಲು ಎಳೆದರೂ ತೆರೆಯುವುದಿಲ್ಲ, ಹುಡ್ ಸರಿಯಾಗಿ ಎಳೆಯುವುದೂ ಇಲ್ಲ. ಬಾಗಿಲಿನ ಎತ್ತರಕ್ಕೆ ತಕ್ಕಂತೆ ಗಾಳಿ ಕಡಿಮೆ ಮಾಡುವ ಹುಡ್‌ಗಳಿಗೆ ಮೊದಲೇ ಹೆಚ್ಚು ಹಣ ಕೊಟ್ಟೆವು. ಮಹಡಿಯಿಂದ ಮಹಡಿಗೆ 4.5 ಮೀಟರು ಎತ್ತರ ಇಟ್ಟದ್ದೂ ಈ ಗಾಳಿಕೊಳವೆಗಳಿಗಾಗಿ. ದ್ರವ ಸಾರಜನಕ ಒಂದು ಲೀಟರು ಆವಿಯಾದರೆ ಸುಮಾರು 700 ಲೀಟರು ಅನಿಲ; ಸಣ್ಣ ಕೋಣೆಯಲ್ಲಿ ಸದ್ದಿಲ್ಲದೆ ಜೀವ ತೆಗೆಯುವ ಪ್ರಮಾಣ ಅದು. ಆಮ್ಲಜನಕ 19.5%ಗಿಂತ ಕೆಳಗಿಳಿದರೆ ಕೋಣೆಯ ಒಳಗೂ ಹೊರಗೂ ಗಂಟೆ ಬಾರಿಸುವ ಸೆನ್ಸರ್ ಇಲ್ಲದ ಕೋಣೆಗೆ ದ್ರವ ಸಾರಜನಕ ಒಯ್ಯಲು ನಾವು ಬಿಡುವುದಿಲ್ಲ.

ವಿದ್ಯುತ್ತಿನಲ್ಲಿ ಮೂರು ಬಣ್ಣದ ಸಾಕೆಟ್ ಇಟ್ಟೆವು: ಸಾಮಾನ್ಯ, ಜನರೇಟರ್, ಯುಪಿಎಸ್. ಮೈನಸ್ 80 ಡಿಗ್ರಿಯ ಫ್ರೀಜರುಗಳಿಗೆ ಜನರೇಟರ್ ಸಾಕು, ಅವು ನಿಧಾನವಾಗಿ ಬಿಸಿಯಾಗುತ್ತವೆ. ಆದರೆ ವಿದ್ಯುತ್ ಬಂದಾಗ ಎಲ್ಲ ಕಂಪ್ರೆಸರುಗಳೂ ಒಂದೇ ಕ್ಷಣಕ್ಕೆ ಶುರುವಾದರೆ ಜನರೇಟರ್ ಬಿದ್ದುಹೋಗುತ್ತದೆ. ಒಂದಾದ ಮೇಲೊಂದು ಶುರುವಾಗುವಂತೆ ಟೈಮರ್ ಹಾಕಬೇಕು.

ಪಿಎಚ್‌ಡಿ ವಿದ್ಯಾರ್ಥಿಗಳನ್ನು ಸಂಸ್ಥೆ ಸೇರಿಸಿಕೊಳ್ಳಬೇಕು, ಲ್ಯಾಬ್ ಅಲ್ಲ. ಮೊದಲ ವರ್ಷ ಮೂರು ಲ್ಯಾಬುಗಳಲ್ಲಿ ಸುಮಾರು ನಾಲ್ಕು ನಾಲ್ಕು ತಿಂಗಳು ಕೆಲಸ ಮಾಡಿ, ಆಮೇಲೆ ಗೈಡ್ ಆಯ್ಕೆ. ಆ ವರ್ಷದ ವೇತನ ಸಂಸ್ಥೆಯದು. ಇಲ್ಲವಾದರೆ ಹಣವಿರುವ ಲ್ಯಾಬೇ ಎಲ್ಲರನ್ನೂ ಎಳೆದುಕೊಳ್ಳುತ್ತದೆ. ಪ್ರತಿ ವಿದ್ಯಾರ್ಥಿಗೆ ಮೂವರ ಸಮಿತಿ, ಅದರಲ್ಲಿ ಒಬ್ಬರು ಹೊರಗಿನವರು, ವರ್ಷಕ್ಕೊಮ್ಮೆ ಗೈಡ್ ಹೊರಗೆ ಕೂತಿರುವಾಗ ವಿದ್ಯಾರ್ಥಿಯ ಜೊತೆ ಹತ್ತು ನಿಮಿಷದ ಮಾತು. ಗೈಡ್ ಸಂಸ್ಥೆ ಬಿಟ್ಟುಹೋದರೆ ವಿದ್ಯಾರ್ಥಿಯ ವೇತನ ಮತ್ತು ಇನ್ನೊಬ್ಬ ಗೈಡ್ ಎರಡಕ್ಕೂ ಸಂಸ್ಥೆಯೇ ಲಿಖಿತ ಖಾತ್ರಿ ಕೊಡಬೇಕು. ಸಣ್ಣ ಜಾಗದಲ್ಲಿ ಒಂದು ವಿಷಯ ಬಲ್ಲವರು ಒಬ್ಬರೇ ಇರುತ್ತಾರೆ, ಹಾಗಾಗಿ ಈ ಖಾತ್ರಿ ದೊಡ್ಡ ವಿಶ್ವವಿದ್ಯಾಲಯಗಳಿಗಿಂತ ಇಲ್ಲಿ ಹೆಚ್ಚು ಬೇಕು.

ಮೊದಲ ತಂಡದಲ್ಲಿ 32 ಜನರನ್ನು ತೆಗೆದುಕೊಳ್ಳಲಿಲ್ಲ, 12 ಜನರನ್ನಷ್ಟೇ. ಹಳೆಯ ಲ್ಯಾಬಿನಲ್ಲಿ ಹೊಸಬರಿಗೆ ಪಿಪೆಟ್ ಹಿಡಿಯುವುದರಿಂದ ಹಿಡಿದು ನೋಟ್‌ಬುಕ್ ಬರೆಯುವ ತನಕ ಕಲಿಸುವವರು ಮೂರನೆಯ, ನಾಲ್ಕನೆಯ ವರ್ಷದ ವಿದ್ಯಾರ್ಥಿಗಳು. ಹೊಸ ಸಂಸ್ಥೆಯಲ್ಲಿ ಆ ಹಿರಿಯರೇ ಇರುವುದಿಲ್ಲ. ಅದಕ್ಕಾಗಿ ಪೋಸ್ಟ್‌ಡಾಕ್‌ಗಳನ್ನೂ ಲ್ಯಾಬ್ ತಂತ್ರಜ್ಞರನ್ನೂ ವಿದ್ಯಾರ್ಥಿಗಳಿಗಿಂತ ಆರು ತಿಂಗಳು ಮೊದಲೇ ಕರೆತಂದು, ಪ್ರತಿ ಉಪಕರಣಕ್ಕೂ ಒಂದು ಪುಟದ ಕೆಲಸದ ವಿಧಾನ ಬರೆಸಿ, ಬರೆದವರ ಹೆಸರಿನ ಜೊತೆ ಉಪಕರಣದ ಪಕ್ಕದಲ್ಲೇ ಅಂಟಿಸಿದೆವು. ಅವರ ನೇಮಕದ ಪತ್ರದಲ್ಲಿ ವಾರಕ್ಕೆ ಅರ್ಧ ದಿನ ಕಲಿಸುವುದು ಕೆಲಸದ ಭಾಗ ಎಂದೇ ಇದೆ.