ಜಾಲಿ ಮುಳ್ಳು, 20 ಟ್ರೇ ಮೊಟ್ಟೆ ಮತ್ತು ಹಸಿರು ಲಿಕ್ವಿಡ್

ಟ್ಯೂಬ್ ಇರುವ ಚಕ್ರಕ್ಕೆ ಪಂಚರ್ ಲಿಕ್ವಿಡ್, ಅಂದರೆ ಒಳಗೆ ಸುರಿದರೆ ತೂತನ್ನು ತಾನೇ ಮುಚ್ಚುವ ದ್ರವ, ಕೆಲಸ ಮಾಡಲ್ಲ ಅಂತ ನನಗೆ ಹೇಳದವರೇ ಇಲ್ಲ. ಪಂಚರ್ ಅಂಗಡಿಯವನು ಹೇಳಿದ, ಮೆಕ್ಯಾನಿಕ್ ಹೇಳಿದ, ಗಾಡಿ ಓಡಿಸಲು ಬಾರದ ನಮ್ಮ ಮಾವನೂ ಹೇಳಿದರು. ಈಗ 11 ತಿಂಗಳಾಯಿತು. ನನ್ನ ಎಕ್ಸ್‌ಎಲ್ ಮೊಪೆಡ್‌ನ ಹಿಂದಿನ ಚಕ್ರ ಬಿಚ್ಚಿಸಿದ್ದು ಎರಡೇ ಸಲ, ಮುಂದಿನದನ್ನು ಮುಟ್ಟೇ ಇಲ್ಲ. ಮೊದಲು ಬೇಸಿಗೆಯಲ್ಲಿ ತಿಂಗಳಿಗೆ ಐದಾರು ಸಲ ಬಿಚ್ಚಿಸುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಅನ್ನಿಸಿದರೆ ಅನ್ನಿಸಲಿ ಬಿಡಿ.

ನನ್ನದು ಮೊಟ್ಟೆ ಲೈನ್. ಚಿತ್ರದುರ್ಗದಿಂದ ಬೆಳಗ್ಗೆ ಐದೂವರೆಗೆ ಬಿಟ್ಟರೆ ತುರುವನೂರು ದಾಟಿ ನಾಯಕನಹಟ್ಟಿ ಕಡೆಯ ಹಳ್ಳಿಗಳ ಅಂಗಡಿಗಳಿಗೆಲ್ಲ ಹಾಕಿಕೊಂಡು ಹನ್ನೊಂದಕ್ಕೆ ವಾಪಸ್. ಹಿಂದೆ 20 ಟ್ರೇ, ಅಂದರೆ 600 ಮೊಟ್ಟೆ. ತೂಕ ದೊಡ್ಡದೇನಲ್ಲ, 35 ಕೆಜಿ ಹತ್ತಿರ. ಆದರೆ ಮೊಟ್ಟೆ ಕಟ್ಟಿದ ಗಾಡಿ ಪಂಚರ್ ಆದರೆ ತಳ್ಳುವ ಹಾಗಿಲ್ಲ, ಮಲಗಿಸುವ ಹಾಗಿಲ್ಲ, ಚಕ್ರ ಬಿಚ್ಚಬೇಕೆಂದರೆ ಅಷ್ಟೂ ಟ್ರೇ ಇಳಿಸಿ ರಸ್ತೆ ಪಕ್ಕ ಜೋಡಿಸಿ ನಾಯಿ ಬಾರದ ಹಾಗೆ ಕಾಯಬೇಕು.

ಈ ಕಡೆ ಓಡಾಡುವವರಿಗೆ ಬಳ್ಳಾರಿ ಜಾಲಿ ಬಗ್ಗೆ ಹೇಳಬೇಕಾಗಿಲ್ಲ. ಹಳ್ಳದ ದಂಡೆ, ಕೆರೆ ಅಂಗಳ, ಬೀಳು ಹೊಲ, ಎಲ್ಲಾ ಕಡೆ ಅದೇ. ಕುರಿ ಮೇಕೆ ಅದರ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟುತ್ತದೆ. ಮರ ನಿಂತಿದ್ದರೆ ನಮಗೇನೂ ಮಾಡಲ್ಲ. ಇದ್ದಿಲಿಗೆ, ಬೇಲಿಗೆ ಅಂತ ಕಡಿದು ಟ್ರ್ಯಾಕ್ಟರ್ ಹಿಂದೆ ಎಳೆದುಕೊಂಡು ಹೋಗುತ್ತಾರಲ್ಲ, ಆಗ ಡಾಂಬರಿನ ಮೇಲೆ ಮುಳ್ಳಿನ ಬಿತ್ತನೆ ಆಗುತ್ತದೆ. ಮೊಳೆಯಾದರೆ ಕಾಣುತ್ತದೆ, ಎಳೆದರೆ ಬರುತ್ತದೆ. ಒಣಗಿದ ಜಾಲಿ ಮುಳ್ಳು ಟಯರಿನೊಳಗೇ ಮುರಿದು ತುದಿ ಅಲ್ಲೇ ಕೂತುಬಿಡುತ್ತದೆ. ಪಂಚರ್ ಹಾಕಿಸಿ ಎರಡು ಕಿಲೋಮೀಟರ್ ಬರುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಚುಚ್ಚಿರುತ್ತದೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ದಿನ ತುರುವನೂರಿಗೆ ಇನ್ನೂ ಎರಡು ಮೂರು ಕಿಲೋಮೀಟರ್ ಇದೆ ಅನ್ನುವಾಗ ಹಿಂದಿನ ಚಕ್ರ ಕೂತುಬಿಟ್ಟಿತು. ಗಾಡಿ ಎಡಕ್ಕೆ ಬಲಕ್ಕೆ ಹೊಯ್ದಾಡಿ ಹೇಗೋ ನಿಂತಿತು. ನಾನು ಬೀಳಲಿಲ್ಲ, ಆದರೆ ಕೆಳಗಿನ ಎರಡು ಟ್ರೇ ಕುಸಿದು ನಲವತ್ತು ಚಿಲ್ಲರೆ ಮೊಟ್ಟೆ ಒಡೆದವು. ಲೋಳೆ ಚೈನ್ ಮೇಲೆ ಇಳಿದು, ಅದರ ಮೇಲೆ ಧೂಳು ಕೂತು, ಸೈಲೆನ್ಸರ್ ಮೇಲೆ ಬಿದ್ದಿದ್ದು ಅಲ್ಲೇ ಬೆಂದು ಆಮ್ಲೆಟ್ ವಾಸನೆ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜ ಒಬ್ಬರು ನಿಂತು ನೋಡಿ, "ಉಪ್ಪು ಐತೇನಪ್ಪಾ?" ಅಂದರು. ಮೊಟ್ಟೆ ಹೋಗಿದ್ದು 250 ರೂಪಾಯಿ, ಪಂಚರ್ ಅಂಗಡಿಯವನು ಸ್ಥಳಕ್ಕೆ ಬಂದು ಹಾಕಿದ್ದಕ್ಕೆ 150. ಅದಕ್ಕಿಂತ ಉರಿದದ್ದು ಇನ್ನೊಂದು. ನಾನು ತಡ ಆದೆ ಅಂತ ಮೂರು ಅಂಗಡಿಯವರು ಬೇರೆಯವನ ಹತ್ತಿರ ಮೊಟ್ಟೆ ತಗೊಂಡಿದ್ದರು.

ಆ ವಾರವೇ ಮೊದಲ ಬಾಟಲಿ ತಂದೆ, 180 ರೂಪಾಯಿ. ಹಾಲಿನ ಹಾಗೆ ಬಿಳಿ, ಮುಚ್ಚಳ ತೆಗೆದರೆ ಅಮೋನಿಯಾ ಘಾಟು. ಏಳು ಪ್ಯಾಚ್ ಇದ್ದ ಹಳೇ ಟ್ಯೂಬಿಗೇ ಸುರಿದೆ. ಎರಡು ವಾರ ರಾಜನ ಹಾಗೆ ಓಡಾಡಿದೆ. ಆಮೇಲೆ ಒಂದು ಬೆಳಗ್ಗೆ ಗಾಳಿ ಹೊಡೆಯಲು ಹೋದರೆ ಗಾಳಿಯೇ ಒಳಗೆ ಹೋಗುತ್ತಿಲ್ಲ, ಗಾಳಿ ತುಂಬುವ ವಾಲ್‌ನ ಪಿನ್ ಸುತ್ತ ರಬ್ಬರ್ ಗಟ್ಟಿಯಾಗಿ ಕೂತಿದೆ. ಬಿಚ್ಚಿದರೆ ಟ್ಯೂಬಿನೊಳಗೆ ಮೊಸರು ಒಣಗಿದ ಹಾಗೆ ಪದರ, ಒಂದು ಹನಿ ನೀರಿಲ್ಲ. ರಬ್ಬರ್ ಹಾಲಿನಿಂದ ಮಾಡಿದ್ದು ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ. ಒಣಗಿದ ಮೇಲೆ ಅದು ಬರೀ ತೂಕ. ಟ್ಯೂಬೂ ಹೋಯಿತು, 220.

ಎರಡನೇ ಸಲ ಹಸಿರು ಬಣ್ಣದ್ದು ತಂದೆ. ಇಂಜಿನ್ ತಣ್ಣಗಿಡಲು ಹಾಕುವ ಕೂಲೆಂಟ್ ಜಾತಿಯದು, ಒಳಗೆ ನಾರಿನ ಚೂರು ತೇಲುತ್ತಿರುತ್ತವೆ, ಬೇಗ ಒಣಗಲ್ಲ. ಅರ್ಧ ಲೀಟರಿಗೆ 320 ಕೊಟ್ಟ ನೆನಪು. ಹೊಸ ಟ್ಯೂಬಿಗೇ ಹಾಕಿದೆ, ಆದರೆ ಟಯರ್ ಹಳೇದು, ಒಳಗೆ ಕೈ ಆಡಿಸಿ ನೋಡಲಿಲ್ಲ. ಒಳಗೆ ಕೂತಿದ್ದ ತುದಿ ಪ್ರತಿ ಸುತ್ತಿಗೂ ಟ್ಯೂಬನ್ನು ಕೆರೆದು ಕೆರೆದು, ಲಿಕ್ವಿಡ್ ಮುಚ್ಚಿದ ತೂತನ್ನೇ ಮತ್ತೆ ಮತ್ತೆ ಬಿಡಿಸಿ, ಕೊನೆಗೆ ಕಡಲೆಕಾಳು ಹೋಗುವಷ್ಟು ಮಾಡಿತ್ತು. ಅಂಗಡಿಗೆ ಒಯ್ದರೆ ಟಯರ್ ಬಿಚ್ಚಿದ ಕೂಡಲೇ ಅವನ ಕೈ, ಅಂಗಿ, ನೆಲ ಎಲ್ಲ ಹಸಿರು. ಲಿಕ್ವಿಡ್ ಮೆತ್ತಿದ ಟ್ಯೂಬಿಗೆ ಪ್ಯಾಚ್ ಅಂಟಿಸುವ ಸಲ್ಯೂಷನ್ ಹಿಡಿಯಲ್ಲ, ಸೋಪು ಹಾಕಿ ತೊಳೆದು ಒಣಗಿಸಿ ಆಮೇಲೆ ಪ್ಯಾಚ್ ಹಾಕಬೇಕು.

"ಅಣ್ಣಾ, ಇನ್ನೊಂದ್ಸಲ ಈ ನೀರು ಹಾಕ್ಕೊಂಡು ನನ್ನ ಅಂಗಡಿಗೆ ಬರಬೇಡ ನೋಡು" ಅಂದ. ತೊಳೆದ ಕೂಲಿ ಅಂತ 30 ರೂಪಾಯಿ ಜಾಸ್ತಿ ತಗೊಂಡ. ಅವನದೂ ತಪ್ಪಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗ. ಬಾಟಲಿಗೆ 300 ಯಾಕೆ ಕೊಡಬೇಕು ಅಂತ ಮೈದಾ ಅಂಟು ತೆಳ್ಳಗೆ ಕಾಸಿ, ಹಳೇ ಗೋಣಿಚೀಲದ ನಾರನ್ನು ಸಣ್ಣಗೆ ಕತ್ತರಿಸಿ ಬೆರೆಸಿ ಮಗಳ ಸೈಕಲ್ಲಿಗೆ ಹಾಕಿದೆ. ಹತ್ತು ದಿನ ಆದಮೇಲೆ ವಾಲ್ ತೆಗೆದಾಗ ಬಂದ ವಾಸನೆ ಇದೆಯಲ್ಲ, ನಾನು ಕೊಳೆತ ಮೊಟ್ಟೆ ಕಂಡವನು, ನನಗೇ ತಡೆಯಲಾಗಲಿಲ್ಲ. ಮಗಳು ಎರಡು ದಿನ ಮಾತಾಡಲಿಲ್ಲ. ಮರದ ಬಿಳಿ ಅಂಟಿಗೆ ನೀರು ಬೆರೆಸಿಯೂ ನೋಡಿದೆ, ಅದು ಒಂದೇ ಕಡೆ ಇಳಿದು ಗಡ್ಡೆ ಕಟ್ಟಿ ಚಕ್ರ ಕುಣಿಯಲು ಶುರುವಾಯಿತು. ಇವೆರಡನ್ನೂ ಯಾರೂ ಮಾಡಬೇಡಿ.

ಶ್ರಾವಣದಲ್ಲಿ ಮೂರನೇ ಸಲ ಕೂತೆ. ಈ ಸಲ ಹಟ. ಹಿಂದಿನ ಟಯರನ್ನೇ ಹೊಸದು ಹಾಕಿಸಿದೆ, ಸಾವಿರದ ಹತ್ತಿರ ಆಯಿತು. ಮುಂದಿನದು ಹಳೇದೇ, ಅದನ್ನು ಬಿಚ್ಚಿ ಒಳಗೆ ಹಳೇ ಬನಿಯನ್ ಬಟ್ಟೆ ಎಳೆದೆ. ಬೆರಳಿಗೆ ಸಿಗದ ಮುಳ್ಳು ಬನಿಯನ್ನಿಗೆ ಸಿಗುತ್ತದೆ, ದಾರ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲೇ ತುದಿ ಇರುತ್ತದೆ. ಒಂದೊಂದನ್ನೇ ನೋಸ್ ಪ್ಲೈಯರ್‌ನಲ್ಲಿ ಒಳಗಿನಿಂದ ಕಿತ್ತೆ. ಒಂಬತ್ತು ಸಿಕ್ಕಿದವು. ಎರಡೂ ಕಡೆ ಹೊಸ ಟ್ಯೂಬ್. ಹಸಿರು ಲಿಕ್ವಿಡ್ಡನ್ನು ಈ ಸಲ ಐದು ಲೀಟರ್ ಕ್ಯಾನ್‌ನಲ್ಲೇ ತಂದೆ, 1,900 ಆಗಿರಬೇಕು.

ಅಳತೆಯಲ್ಲೇ ಎಲ್ಲರೂ ಎಡವುತ್ತಾರೆ ಅಂತ ನನ್ನ ಲೆಕ್ಕ. ಮೊಪೆಡ್ ಚಕ್ರಕ್ಕೆ 150 ಎಂಎಲ್ ಸಾಕು ಅಂತ ಹೇಳುತ್ತಾರೆ. ನಾನು ಹಿಂದಕ್ಕೆ 220, 230ರಷ್ಟು ಹಾಕಿದೆ, ಮುಂದಕ್ಕೆ 180. ಜಾಲಿ ಸೀಮೆಗೆ ಬೇರೆ ಲೆಕ್ಕ. ನಾಯಕನಹಟ್ಟಿಯ ಸಂತ ತಿಪ್ಪೇಸ್ವಾಮಿ ಹೇಳಿದ ಹಾಗೆ, "ಮಾಡಿದಷ್ಟು ನೀಡು ಭಿಕ್ಷೆ". ಹಾಕುವ ಮೊದಲು ಕ್ಯಾನ್ ಚೆನ್ನಾಗಿ ಕುಲುಕಬೇಕು, ಇಲ್ಲದಿದ್ದರೆ ಮೇಲಿನ ನೀರು ಮೊದಲ ಗಾಡಿಗೆ, ತಳದ ನಾರು ಕೊನೆಯ ಗಾಡಿಗೆ. ಚಕ್ರದ ವಾಲ್, ಗಡಿಯಾರದಲ್ಲಿ ನಾಲ್ಕು ಗಂಟೆ ಇರುವ ಜಾಗದಲ್ಲಿರಲಿ, ತೀರಾ ಕೆಳಗಿದ್ದರೆ ಲಿಕ್ವಿಡ್ ಅಲ್ಲೇ ನಿಂತು ಪಿನ್ ಕಟ್ಟುತ್ತದೆ. ಗಾಳಿ ಹೊಡೆದ ತಕ್ಷಣ ನಿಲ್ಲಿಸದೆ ಐದಾರು ಕಿಲೋಮೀಟರ್ ಓಡಿಸಬೇಕು. ಇಷ್ಟಲ್ಲದೆ ಕ್ಯಾನಿಗೆ ನಾನು ಇನ್ನೊಂದು ವಸ್ತು ಎರಡು ಚಮಚ ಬೆರೆಸುತ್ತೇನೆ. ಅದು ಏನು ಅಂತ ಕೇಳಬೇಡಿ, ಹೇಳಲ್ಲ. ಮೈದಾ ಅಂತೂ ಅಲ್ಲ.

ಮೂರು ವಾರ ಆದಮೇಲೆ ತುರುವನೂರಲ್ಲಿ ಟೀ ಕುಡಿಯುತ್ತಾ ಸುಮ್ನೆ ಚಕ್ರದ ಕಡೆ ನೋಡಿದರೆ ಟಯರಿನ ಗೆರೆಯ ಸಂದಿಯಲ್ಲಿ ಒಂದು ಮುಳ್ಳಿನ ಬುಡ ಕಂಡಿತು. ಕೀಳಲೋ ಬೇಡವೋ ಅಂತ ಎರಡು ಗುಟುಕು ಯೋಚನೆ ಮಾಡಿದೆ. ಆಮೇಲೆ ಪ್ಲೈಯರ್ ಹಾಕಿ ಎಳೆದೆ, ಹೆಬ್ಬೆರಳಿನ ಅರ್ಧದಷ್ಟು ಉದ್ದ ಬಂತು, ಮುರಿಯದೆ. ಸುಯ್ ಅಂತ ಗಾಳಿ, ಹಿಂದೆಯೇ ಹಸಿರು ಗುಳ್ಳೆ. ತೂತು ಕೆಳಕ್ಕೆ ಬರುವ ಹಾಗೆ ಚಕ್ರ ತಿರುಗಿಸಿ ಹಿಡಿದೆ. ಗುಳ್ಳೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಕೊನೆಗೆ ಹೆಸರುಕಾಳಿನಷ್ಟು ಹನಿ ಅಲ್ಲೇ ನಿಂತು ನಾರಿನ ಎಳೆ ಒಂದು ಹೊರಗೆ ಇಣುಕಿತು. ಗಾಳಿ ಮೂರು ಪಾಯಿಂಟ್ ಇಳಿದಿತ್ತು ಅಷ್ಟೆ. ಟೀ ಅಂಗಡಿಯವರು ಬಗ್ಗಿ ನೋಡಿ ನನ್ನ ಮುಖ ನೋಡಿದರು. ಅವತ್ತು ಟೀ ದುಡ್ಡು ತಗೊಳ್ಳಲಿಲ್ಲ.

ಎರಡು ಸಲ ಬಿಚ್ಚಿಸಿದೆ ಅಂದೆನಲ್ಲ, ಅದನ್ನೂ ಹೇಳಬೇಕು. ಒಂದು, ಕ್ರಷರ್ ಲಾರಿಯಿಂದ ಬಿದ್ದ ಜಲ್ಲಿ ಟಯರಿನ ಪಕ್ಕವನ್ನೇ ಸೀಳಿದ್ದು. ಪಕ್ಕ ಸೀಳಿದರೆ ಯಾವ ಲಿಕ್ವಿಡ್ಡೂ ನಿಲ್ಲಿಸಲ್ಲ, ಟಯರೇ ಹೊಸದು ಹಾಕಿಸಬೇಕಾಯಿತು. ಎರಡನೆಯದು ಫೆಬ್ರವರಿಯಲ್ಲಿ, ಮೂರಿಂಚಿನ ಮೊಳೆ. ಅದು ಟ್ಯೂಬಿನ ಹೊರಮೈ ತೂರಿ ರಿಮ್ ಕಡೆಯ ಒಳಮೈಯನ್ನೂ ತೂರಿತ್ತು. ಚಕ್ರ ತಿರುಗುವಾಗ ಲಿಕ್ವಿಡ್ ಹೊರಗಡೆಗೇ ಎಸೆದು ಕೂರುತ್ತದೆ, ಒಳಮೈ ತೂತಿಗೆ ಅದು ತಲುಪುವುದೇ ಇಲ್ಲ. ಟ್ಯೂಬಿಗೆ ಹಾಕಬೇಡಿ ಅನ್ನುವವರು ಹೇಳುವುದರಲ್ಲಿ ಇದೊಂದು ನಿಜ. ಆದರೆ ನನಗೆ ನೂರಕ್ಕೆ ತೊಂಬತ್ತು ಜಾಲಿ ಮುಳ್ಳು, ಮೊಳೆ ಅಪರೂಪ. ಅವತ್ತು ಬಿಚ್ಚಿದ ಟಯರಿನೊಳಗೆ ಎಣಿಸಿದೆ, 17 ಮುಳ್ಳಿನ ತುದಿ. ಅಂದರೆ ಎಷ್ಟು ಪಂಚರ್ ಉಳಿಯಿತು ನೀವೇ ಲೆಕ್ಕ ಹಾಕಿ, ಒಂದಕ್ಕೆ 70 ರೂಪಾಯಿ.

ಮಿಕ್ಕ ಲಿಕ್ವಿಡ್ ಸುಮ್ಮನೆ ಕೂರಲಿಲ್ಲ. ತಮ್ಮನ ಟ್ರ್ಯಾಕ್ಟರಿನ ಮುಂದಿನ ಎರಡು ಚಕ್ರಕ್ಕೆ ಒಂದೊಂದು ಲೀಟರ್ ಮೇಲೆ ಹಿಡಿಯಿತು, ಶೇಂಗಾ ಹೊಲಕ್ಕೆ ಇಳಿದರೂ ಈಗ ತೊಂದರೆ ಇಲ್ಲ. ಹಿಂದಿನದಕ್ಕೂ ಹಾಕು ಅಂದ. ಅದಕ್ಕೆ ಭಾರಕ್ಕೆ ಅಂತ ನೀರು ತುಂಬಿಸಿದ್ದಾನೆ. ಅಷ್ಟು ನೀರಿಗೆ ಲಿಕ್ವಿಡ್ ಹಾಕಿದರೆ ಹುಣಸೆಹಣ್ಣು ಹೊಳೆಯಲ್ಲಿ ತೊಳೆದ ಹಾಗೆ. ಭಾವನ ಕಾರಿಗೆ ಹಾಕಿದ್ದು ಮಾತ್ರ ಕೆಟ್ಟಿತು. ಊರೊಳಗೆ ಚೆನ್ನಾಗಿತ್ತು. ದಾವಣಗೆರೆಗೆ ಹೈವೇಯಲ್ಲಿ ಹೋಗುವಾಗ 90 ದಾಟಿದರೆ ಸ್ಟೇರಿಂಗ್ ನಡುಗುತ್ತದೆ ಅಂತ ಫೋನ್ ಮಾಡಿ ಬೈದರು. ವೇಗ ಹೋಗುವ ಗಾಡಿಗೆ ಬ್ಯಾಲೆನ್ಸ್ ತಪ್ಪುತ್ತದೆ. ನನ್ನ ಎಕ್ಸ್‌ಎಲ್ 40 ದಾಟಿದರೆ ಮೊಟ್ಟೆ ಕೇಳಲ್ಲ, ಆ ಚಿಂತೆ ನನಗಿಲ್ಲ. ಅರ್ಧ ಲೀಟರ್ ಹಳೇ ಜ್ಯೂಸ್ ಬಾಟಲಿಗೆ ತುಂಬಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟಿದ್ದಕ್ಕೆ ಹೆಂಡತಿ ಬೈದದ್ದು ಬೇರೆ. ಬೈದದ್ದು ಸರಿಯೇ, ಕೂಲೆಂಟ್ ಜಾತಿಯದು ಹೊಟ್ಟೆಗೆ ಹೋದರೆ ವಿಷ. ಈಗ ಮೇಲಿನ ಅಟ್ಟದಲ್ಲಿದೆ, ಕ್ಯಾನಿನಲ್ಲೇ.

ಪಂಚರ್ ಅಂಗಡಿಯವನು ಇನ್ನೂ ಒಪ್ಪಿಲ್ಲ. "ನಿನ್ನ ಅದೃಷ್ಟ ಅಣ್ಣಾ" ಅನ್ನುತ್ತಾನೆ. ಆದರೆ ಸೋಪು, ಹಳೇ ಬಟ್ಟೆ ಒಂದು ಡಬ್ಬದಲ್ಲಿ ಹಾಕಿ ನನ್ನ ಹೆಸರು ಬರೆದು ಇಟ್ಟಿದ್ದಾನೆ. ಲೈನ್‌ನಲ್ಲಿ ನಾಲ್ಕೈದು ಅಂಗಡಿಯವರು ತಮ್ಮ ಗಾಡಿಗೂ ಹಾಕಿಕೊಡು ಅಂತ ಕೇಳಿದ್ದಾರೆ. ಲಿಕ್ವಿಡ್ಡಿನ ದುಡ್ಡು ಕೊಡಿ, ಹೊಸ ಟ್ಯೂಬ್ ನೀವೇ ತನ್ನಿ, ಕೂಲಿ ಬೇಡ, ಮೊಟ್ಟೆ ಮಾತ್ರ ನನ್ನ ಹತ್ತಿರವೇ ತಗೋಬೇಕು ಅಂದಿದ್ದೇನೆ. ಇಬ್ಬರು ಟ್ಯೂಬ್ ತಂದಿಟ್ಟಿದ್ದಾರೆ, ಈ ಭಾನುವಾರ ಹೋಗಬೇಕು.