ಓಮ್ನಿ, ಈಕೋ ಗಾಡಿಯಲ್ಲಿ ಕೆಲಸದ ಸಾಮಾನು ಕೈಗೆ ಸಿಗುವ ಹಾಗೆ ಜೋಡಿಸುವುದು ಹೇಗೆ?

ಬೆಳಿಗ್ಗೆ ಮೈಸೂರಿನ ಬೋಗಾದಿಯಲ್ಲಿ ಒಂದು ಕೆಲಸ, ಮಧ್ಯಾಹ್ನ ಶ್ರೀರಂಗಪಟ್ಟಣದಲ್ಲಿ ಇನ್ನೊಂದು. ಅಲ್ಲಿ ಹೋಗಿ ನೋಡಿದರೆ ಪೈಪ್ ತಿರುವಿಗೆ ಹಾಕುವ ಮುಕ್ಕಾಲು ಇಂಚಿನ ಎಲ್ಬೋ ಸಿಗುವುದಿಲ್ಲ. ಗಾಡಿಯಲ್ಲೇ ಇದೆ, ಯಾವುದೋ ಗೋಣಿಚೀಲದ ಅಡಿಯಲ್ಲಿ. ಹುಡುಕಿ ಸಾಕಾಗಿ ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ಇನ್ನೊಂದು ತರುತ್ತೀರಿ. ಪ್ಲಂಬಿಂಗ್, ವೈರಿಂಗ್, ಪಂಪ್‌ಸೆಟ್ ರಿಪೇರಿ ಮಾಡುವವರಿಗೆಲ್ಲ ಇದು ದಿನದ ತಲೆನೋವು, ಅಲ್ವಾ? ಇದಕ್ಕೆ ದುಬಾರಿ ರ‍್ಯಾಕ್ ಏನೂ ಬೇಕಾಗಿಲ್ಲ. ಆದರೆ ವೆಲ್ಡಿಂಗ್ ಶಾಪಿಗೆ ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಗಾಡಿ ನಿಲ್ಲಿಸಿದ ಮೇಲೆ ಯಾವ ಬಾಗಿಲಿಂದ ಒಳಗೆ ಕೈ ಹಾಕುತ್ತೀರಿ? ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಮೊದಲು ಗಾಡಿ ಪೂರ್ತಿ ಖಾಲಿ ಮಾಡಿ. ಮನೆ ಮುಂದೆ ಟಾರ್ಪಲ್ ಹಾಸಿ ಸಾಮಾನೆಲ್ಲ ಇಳಿಸಿ ಮೂರು ಗುಡ್ಡೆ ಮಾಡಿ. ಪ್ರತಿ ಕೆಲಸಕ್ಕೂ ಬೇಕಾದದ್ದು ಒಂದು, ವಾರಕ್ಕೊಮ್ಮೆ ಬೇಕಾದದ್ದು ಇನ್ನೊಂದು, ಯಾವಾಗಲೋ ಒಮ್ಮೆ ಬೇಕಾದದ್ದು ಮೂರನೆಯದು. ಮೂರನೇ ಗುಡ್ಡೆ ಮನೆಯಲ್ಲೇ ಇರಲಿ. ಅದನ್ನು ಹೊತ್ತು ತಿರುಗಿದರೆ ಪೆಟ್ರೋಲ್ ಸುಮ್ನೆ ದಂಡ.

ತೂಕದ ಲೆಕ್ಕವನ್ನೂ ಈಗಲೇ ಮಾಡಿ. ಆರ್‌ಸಿಯಲ್ಲಿ ಗಾಡಿಯ ಖಾಲಿ ತೂಕ, ಸಾಮಾನು ಸೇರಿದ ಒಟ್ಟು ತೂಕ ಎರಡೂ ಇರುತ್ತವೆ. ಎರಡರ ನಡುವಿನ ವ್ಯತ್ಯಾಸದಲ್ಲೇ ನೀವು, ನಿಮ್ಮ ಹೆಲ್ಪರ್, ರ‍್ಯಾಕ್, ಸಾಮಾನು ಎಲ್ಲ ಬರಬೇಕು. 12 ಎಂಎಂ ಪ್ಲೈವುಡ್‌ನ 8x4 ಶೀಟ್ ಒಂದೇ ಹೆಚ್ಚುಕಡಿಮೆ 20 ಕೆ.ಜಿ. ತೂಗುತ್ತದೆ. ಅದಕ್ಕೇ ರ‍್ಯಾಕ್ ದಪ್ಪ ಆದಷ್ಟೂ ಒಳ್ಳೆಯದು ಅನ್ನುವ ಮಾತು ಗಾಡಿಗೆ ಹೊಂದುವುದಿಲ್ಲ. ಅನುಮಾನ ಇದ್ದರೆ ತುಂಬಿದ ಗಾಡಿಯನ್ನೇ ಒಮ್ಮೆ ವೇ ಬ್ರಿಡ್ಜ್ ಮೇಲೆ ಹತ್ತಿಸಿ. ಕಬ್ಬು ತೂಗುವ ಮಂಡ್ಯದ ಕಡೆ ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಈಗ ಬಾಗಿಲಿನ ವಿಷಯ. ನಾವು ರಸ್ತೆಯ ಎಡಕ್ಕೆ ಗಾಡಿ ನಿಲ್ಲಿಸುತ್ತೇವೆ. ಎಡಗಡೆಯ ಜಾರುವ ಬಾಗಿಲು ಫುಟ್‌ಪಾತ್ ಕಡೆಗೆ ತೆರೆಯುತ್ತದೆ, ಬಲಗಡೆಯದು ಬಸ್ಸು ಆಟೋ ನುಗ್ಗುವ ಕಡೆಗೆ. ಹಾಗಾಗಿ ರ‍್ಯಾಕ್ ಬಲಗಡೆಯ ಗೋಡೆಗೆ, ಮುಖ ಎಡಕ್ಕೆ. ಅಶೋಕ ರಸ್ತೆಯಂಥ ಗಿಜಿಗುಡುವ ಜಾಗದಲ್ಲಿ ನಿಲ್ಲಿಸಿದರೂ ಫುಟ್‌ಪಾತ್ ಕಡೆಯಿಂದಲೇ ಎಲ್ಲ ಕೈಗೆ ಸಿಗಬೇಕು. ಎರಡೂ ಕಡೆ ರ‍್ಯಾಕ್ ಹಾಕಿ ನಡುವೆ ಸಂದಿ ಬಿಡುವ ಆಸೆ ಆಗುತ್ತದೆ, ಬೇಡ. ಈ ಗಾಡಿಗಳಲ್ಲಿ ಅಷ್ಟು ಅಗಲ ಇಲ್ಲ, ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುತ್ತದೆ.

ಅಳತೆಯನ್ನು ನೆಲದಲ್ಲಿ, ನಡುವೆ, ಮೇಲೆ, ಹೀಗೆ ಮೂರು ಕಡೆ ತೆಗೆಯಿರಿ. ಬಾಡಿ ಮೇಲಕ್ಕೆ ಹೋದಂತೆ ಒಳಕ್ಕೆ ಬಾಗಿರುತ್ತದೆ, ಚಕ್ರದ ಮೇಲಿನ ಉಬ್ಬು ಬೇರೆ. ಫ್ರಿಜ್ ಬಂದ ರಟ್ಟಿನ ಡಬ್ಬ ಕತ್ತರಿಸಿ ಒಳಗೆ ಇಟ್ಟು ನೋಡಿದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ.

ರ‍್ಯಾಕಿಗೆ ತೂತಿರುವ ಸ್ಲಾಟೆಡ್ ಆ್ಯಂಗಲ್ ಸಾಕು. ಬೇಕೆಂದಾಗ ತಟ್ಟೆ ಮೇಲೆ ಕೆಳಗೆ ಮಾಡಬಹುದು, ಗಾಡಿ ಮಾರುವಾಗ ಬಿಚ್ಚಿಕೊಳ್ಳಬಹುದು. ಮೂಲೆ ಮೂಲೆಗೆ ಕಾರ್ನರ್ ಪ್ಲೇಟ್ ಹಾಕಿಸಿ, ಇಲ್ಲದಿದ್ದರೆ ಹಂಪ್ ಹಂಪಿಗೂ ಪಕ್ಕಕ್ಕೆ ಓಲಾಡುತ್ತದೆ. ನಟ್ ಮಾತ್ರ ನೈಲಾಕ್, ಅಂದರೆ ಒಳಗೆ ನೈಲಾನ್ ಉಂಗುರ ಇರುವುದು ತಗೊಳ್ಳಿ. ಮಾಮೂಲಿ ನಟ್ ಅಲುಗಾಟಕ್ಕೆ ಸಡಿಲ ಆಗುತ್ತಾ ಹೋಗುತ್ತದೆ. ಗಾಡಿಯ ಬಾಡಿ ಮೇಲೆ ವೆಲ್ಡಿಂಗ್ ಬೇಡವೇ ಬೇಡ. ಹಿಂದಿನ ಸೀಟು ತೆಗೆದಿದ್ದರೆ ಅದರ ಬೋಲ್ಟ್ ಜಾಗಗಳನ್ನೇ ಬಳಸಿ. ನೆಲಕ್ಕೆ ಹೊಸ ತೂತು ಹಾಕಲೇಬೇಕಾದರೆ ಮೊದಲು ಗಾಡಿಯ ಅಡಿಗೆ ಇಣುಕಿ ನೋಡಿ, ಅಲ್ಲಿ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಇರುತ್ತವೆ. ತೂತಿನ ಅಂಚಿಗೆ ಪ್ರೈಮರ್ ಬಳಿಯದಿದ್ದರೆ ಮಳೆಗಾಲದಲ್ಲಿ ತುಕ್ಕು ಅಲ್ಲಿಂದಲೇ ಶುರು. ಸಿಎನ್‌ಜಿ ಗಾಡಿಯಾದರೆ ಸಿಲಿಂಡರ್‌ಗೆ, ವಾಲ್ವ್‌ಗೆ ಏನೂ ಅಡ್ಡ ಬರಬಾರದು. ಟೆಸ್ಟಿಂಗ್‌ಗೆ ಅದನ್ನು ಬಿಚ್ಚಬೇಕಾಗುತ್ತದೆ.

ತಟ್ಟೆಗಳನ್ನು ಗೋಡೆ ಕಡೆಗೆ ಸ್ವಲ್ಪ ಇಳಿಜಾರಾಗಿ ಕೂರಿಸಿ, ಮುಂದೆ 2 ಇಂಚಿನ ಪಟ್ಟಿ ಕೊಡಿ. ಡ್ರೈವರ್ ಸೀಟಿನ ಹಿಂದೆ ಗಟ್ಟಿ ಜಾಲರಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ರ‍್ಯಾಕ್ ಆಮೇಲೆ. ದಯವಿಟ್ಟು ಇದನ್ನು ಮುಂದೂಡಬೇಡಿ. ಗಾಡಿ 60ರಲ್ಲಿ ಹೋಗುವಾಗ ಒಳಗಿರುವ ಪೈಪ್ ರೆಂಚ್ ಕೂಡ 60ರಲ್ಲೇ ಹೋಗುತ್ತಿರುತ್ತದೆ, ದನ ಅಡ್ಡ ಬಂತೆಂದು ನೀವು ಬ್ರೇಕ್ ಹಾಕಿದರೆ ಗಾಡಿ ನಿಲ್ಲುತ್ತದೆ, ರೆಂಚ್ ನಿಲ್ಲುವುದಿಲ್ಲ, ಅದು ಬರುವುದು ನಿಮ್ಮ ತಲೆಯ ಕಡೆಗೇ.

ಇನ್ನು ಜೋಡಿಸುವುದು. ಭಾರದ ಸಾಮಾನು, ಅಂದರೆ ಮೋಟಾರ್, ಚೈನ್ ಪುಲ್ಲಿ, ಕಟಿಂಗ್ ಮಿಷನ್ ಎಲ್ಲ ನೆಲಕ್ಕೆ, ಜಾಲರಿಗೆ ಒರಗಿಸಿ, ಬೆಲ್ಟ್ ಬಿಗಿದು. ಭಾರವನ್ನು ತೀರಾ ಹಿಂದಕ್ಕೆ, ಡಿಕ್ಕಿ ಬಾಗಿಲ ಹತ್ತಿರ ಇಟ್ಟರೆ ಗಾಡಿಯ ಮೂತಿ ಹಗುರ ಆಗಿ ಸ್ಟೀರಿಂಗ್ ಹಿಡಿತ ಕಡಿಮೆ ಆಗುತ್ತದೆ. ಸೊಂಟದಿಂದ ಎದೆಯ ಎತ್ತರದ ತಟ್ಟೆ, ಅದರಲ್ಲೂ ಎಡ ಬಾಗಿಲು ತೆರೆದ ತಕ್ಷಣ ಎದುರಿಗೆ ಸಿಗುವ ಭಾಗ, ಮೊದಲ ಗುಡ್ಡೆಗೆ ಮೀಸಲು: ಡ್ರಿಲ್, ಕಟಿಂಗ್ ಪ್ಲೇಯರ್, ಟೆಸ್ಟರ್, ಟೆಫ್ಲಾನ್ ಟೇಪ್. ಫಿಟ್ಟಿಂಗ್‌ಗಳನ್ನು ಜಾತಿವಾರು ಇಡುವುದಕ್ಕಿಂತ ಸೈಜ್‌ವಾರು ಇಡಿ. ಅರ್ಧ ಇಂಚಿನ ಎಲ್ಬೋ, ಟೀ, ಕಪ್ಲರ್ ಎಲ್ಲ ಒಂದೇ ಡಬ್ಬ, ಮುಕ್ಕಾಲು ಇಂಚಿನದು ಇನ್ನೊಂದು. ಯಾಕೆಂದರೆ ಒಂದು ಲೈನ್ ರಿಪೇರಿಗೆ ಬೇಕಾಗುವುದೆಲ್ಲ ಸಾಮಾನ್ಯವಾಗಿ ಒಂದೇ ಸೈಜು, ಆ ಡಬ್ಬವನ್ನೇ ಎತ್ತಿಕೊಂಡು ಮಹಡಿ ಹತ್ತಬಹುದು. ಡಬ್ಬಕ್ಕೆ ದುಡ್ಡು ಸುರಿಯಬೇಡಿ. 5 ಲೀಟರಿನ ಎಣ್ಣೆ ಕ್ಯಾನ್ ಓರೆಯಾಗಿ ಕತ್ತರಿಸಿ ತೊಳೆದರೆ ಸಾಕು. ಬಿಳಿ ಪೇಂಟ್‌ನಲ್ಲಿ ಸೈಜ್ ಬರೆಯಿರಿ.

ಸಾಲ್ವೆಂಟ್ ಸಿಮೆಂಟ್ (ಪೈಪ್ ಅಂಟಿಸುವ ಗೋಂದು), ಥಿನ್ನರ್ ಮಾತ್ರ ಬೇರೆ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಗಾಡಿಯೊಳಗೆ ಇವು ಆವಿ ಬಿಡುತ್ತವೆ, ಕಿಡಿ ತಾಗಿದರೆ ಹತ್ತಿಕೊಳ್ಳುತ್ತವೆ. ಮುಚ್ಚಳ ಬಿಗಿ ಮಾಡಿ, ಸ್ಟೀಲ್ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ, ರಾತ್ರಿ ಗಾಡಿಯಿಂದ ಇಳಿಸಿಬಿಡಿ.

ಇನ್ನು ಪೈಪ್‌ಗಳು, ಅವು ಗಾಡಿಯ ಮೇಲಿನ ಕ್ಯಾರಿಯರ್‌ಗೆ. ಈಕೋ ಗಾಡಿಯ ಉದ್ದ 3,675 ಎಂಎಂ, ಅಂದರೆ 12 ಅಡಿ. 3 ಮೀಟರಿನ ಸಿಪಿವಿಸಿ ಪೈಪ್, ವೈರಿಂಗ್‌ನ ಕಾಂಡ್ಯೂಟ್ ಪೈಪ್ ಹಿಂದೆ ಮುಂದೆ ಚಾಚದೆ ಕೂರುತ್ತದೆ. ಎರಡು ಕೊನೆಗೂ ಮುಚ್ಚಳವಿರುವ 4 ಇಂಚಿನ ಪಿವಿಸಿ ಪೈಪ್ ಕ್ಯಾರಿಯರ್‌ಗೆ ಬಿಗಿದರೆ ಸಣ್ಣ ಪೈಪೆಲ್ಲ ಅದರೊಳಗೆ. 6 ಮೀಟರಿನದನ್ನು ಅಂಗಡಿಯಲ್ಲೇ ಕತ್ತರಿಸಿಕೊಳ್ಳಿ, ಇಲ್ಲವೇ ದೊಡ್ಡ ಗಾಡಿಯಲ್ಲಿ ತರಿಸಿ. ಮಿತಿ ಮೀರಿ ಸಾಮಾನು ಹೊರಗೆ ಚಾಚಿಕೊಂಡಿದ್ದರೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ದಂಡ 20,000 ರೂಪಾಯಿ.

ಮೊದಲ ವಾರ ಓಡಿಸಿದ ಮೇಲೆ ಎಲ್ಲ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ. ಯಾವ ಡಬ್ಬಕ್ಕಾಗಿ ಪದೇ ಪದೇ ಬಗ್ಗುತ್ತಿದ್ದೀರಿ ನೋಡಿಕೊಂಡು ಅದನ್ನು ಮೇಲಿನ ತಟ್ಟೆಗೆ ತನ್ನಿ. ಖಾಲಿಯಾದ ಫಿಟ್ಟಿಂಗನ್ನು ಬಾಗಿಲಿನ ಒಳಗಡೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಬನ್ನಿ, ಅಂಗಡಿಗೆ ಹೋದಾಗ ಅದನ್ನೇ ಓದಿ ತರಬಹುದು.